ಪಕ್ಕದ ಮನೆಯ ನಾಲಿಗೆ

ಸಾಗರದ ಬಾರೊಂದರಲ್ಲಿ ಸಪ್ಲೈಯರ್ ಆಗಿ ನಿವೃತ್ತರಾದ ನಮ್ಮ ಪಕ್ಕದ ಮನೆಯವರು ಯಾವ ಬಿಯರನ್ನಾದರೂ ಮೊದಲು ಮೂಸಿ, ಒಂದು ಗುಟುಕನ್ನು ಬಾಯಲ್ಲಿ ತಿರುಗಿಸಿ, ಕಣ್ಣು ಮುಚ್ಚುತ್ತಿದ್ದರು. "ಕಹಿ ಬೇರೆ, ಒಗರು ಬೇರೆ ಮಾರಾಯ" ಎನ್ನುವುದು ಅವರ ಮಾತು.

ನಾನು ಕೆಲಸಕ್ಕಿದ್ದ ಬ್ರೂವರಿಯಲ್ಲಿ ಮೊದಲ ಸಲ ನಾನೇ ಮಾಡಿದ ಐಪಿಎ, ಎಂದರೆ ಕಹಿಯೇ ಮುಂದಾಗಿರುವ ಬಿಯರನ್ನು, ಅವರಿಗೆ ಕೊಟ್ಟೆ.

"ಇದು ಕಹಿ ಅಲ್ಲ ಮಾರಾಯ, ಬರೀ ಒಗರು. ನಾಲಿಗೆ ಹಿಡೀತದೆ."

"ಬಾಟ್ಲಿ ತಂದಿಡೋರಿಗೆ ಇದೆಲ್ಲ ಎಲ್ಲಿ ಗೊತ್ತಾಗ್ಬೇಕು?" ಎಂದುಬಿಟ್ಟೆ.

ಅವರು ಗ್ಲಾಸು ತೊಳೆದು ಬೋರಲು ಹಾಕಿದರು.

ಆಮೇಲೆ ಅದೇ ಬಿಯರನ್ನು ಕಳಿಸಿದ್ದ ಸ್ಪರ್ಧೆಯೊಂದರಲ್ಲಿ ತೀರ್ಪುಗಾರರೂ ಒಗರೆಂದೇ ಬರೆದರು. ತಪ್ಪು ತಿದ್ದಿ ಹೊಸದಾಗಿ ಮಾಡಿದ್ದನ್ನು ಹಿಡಿದು ಮತ್ತೆ ಅವರಲ್ಲಿಗೇ ಹೋದೆ. ಅವರು ಮೂಸಲಿಲ್ಲ, ಕಣ್ಣು ಮುಚ್ಚಲಿಲ್ಲ. ಒಂದು ಗುಟುಕು ಕುಡಿದು, ಗಿರಾಕಿಗೆ ನಗುವ ಹಾಗೆ ನಕ್ಕರು.

"ಚೆನ್ನಾಗಿದೆ ಸರ್."