ಖಾನಾವಳಿಯ ಮಾವಶಿ ಹೇಳಿದ ಸಾಕ್ಷಿ

ಬೆಳಗಾವಿ ಹಿಂದವಾಡಿಯ ಕೃಷ್ಣಾಬಾಯಿಯನ್ನು ನಾವೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತೇವೆ. ಹುಟ್ಟಿದ್ದು ಖಾನಾಪುರದ ಹಲಸಿಯಲ್ಲಿ, ಮನೆಮಾತು ಮರಾಠಿ, ಬೈಯುವುದು ಮಾತ್ರ ಅಪ್ಪಟ ಕನ್ನಡದಲ್ಲಿ. ಗಂಡ ತೀರಿದ ಮೇಲೆ ಇಪ್ಪತ್ತು ವರ್ಷದಿಂದ ಖಾನಾವಳಿ ನಡೆಸುತ್ತಾಳೆ. ತಾಟಿನಲ್ಲಿ ಅನ್ನ ಬಿಟ್ಟು ಎದ್ದವನಿಗೆ ಮರುದಿನ ಬಾಗಿಲಲ್ಲೇ ಮಂಗಳಾರತಿ. ಪತ್ರಿಕೆಯ ವರದಿಗಾರನಾದ ನಾನು, ಗೌರೀಶ, ಆರು ವರ್ಷ ಅವಳ ರೊಟ್ಟಿ ತಿಂದು ಕೊನೆಗೆ ಉಂಡ ಮನೆಗೇ ಎರಡು ಬಗೆದೆ.

ಬಾಳೇಶ ಸಿದ್ದಿಯೂ ಅಲ್ಲೇ ಉಣ್ಣುತ್ತಿದ್ದ. ಫೌಂಡ್ರಿಯಲ್ಲಿ ಕೆಲಸ, ಊರು ಖಾನಾಪುರದ ಕಾಡಂಚಿನಲ್ಲಿ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ಕುಲ. ಕಪ್ಪು ಮೈ, ಗುಂಗುರು ಕೂದಲು. ಒಂದು ಸಂಜೆ ಹೊಸಬರಿಬ್ಬರು ಬಂದು, ಅವನು ಉಣ್ಣುವುದನ್ನು ನೋಡಿ, "ಈ ಕಾಡು ಕರಿಯ ಉಂಡ ತಾಟಿನ್ಯಾಗ ನಾವು ಉಣಬೇಕೇನು?" ಎಂದರು. ಮಾವಶಿ ಸೌಟು ಹಿಡಿದು ಅವರನ್ನು ಹೊರಗೆ ಹಾಕಿದಳು. ಅವರು ಬೀದಿಯಲ್ಲೇ ಕಾದರು. ಬಾಳೇಶ ಕೈ ತೊಳೆದು ಮೆಟ್ಟಿಲಿಳಿದಾಗ ಕಬ್ಬಿಣದ ರಾಡಿನಿಂದ ತಲೆಗೆ ಹೊಡೆದರು. ಮಾವಶಿಯ ಕಣ್ಣೆದುರೇ ಅವನು ಸತ್ತ.

ನಾನು ಅಂದು ಅಲ್ಲಿರಲಿಲ್ಲ. ಬೆಳಗಾವಿಯಲ್ಲಿ ಹೊಡೆದಾಟವಾದರೆ ಕಾರಣ ಕೇಳುವ ಚಾಳಿ ನಮಗಿಲ್ಲ; ಕನ್ನಡ-ಮರಾಠಿ ಎಂದು ಬರೆದು ಕೈ ತೊಳೆದುಕೊಳ್ಳುತ್ತೇವೆ. ಹಾಗೇ ಬರೆದೆ. ಮುಖಪುಟದಲ್ಲಿ ದಪ್ಪಕ್ಷರ: "ಭಾಷಾ ಕಿಡಿಗೆ ಯುವಕ ಬಲಿ". ಒಂದು ಚಾನೆಲ್ಲು ಅವನನ್ನು ಕನ್ನಡದ ಹುತಾತ್ಮ ಮಾಡಿತು, ಇನ್ನೊಂದು ಮರಾಠಿಯ ಹುತಾತ್ಮ. ಬದುಕಿದ್ದಾಗ ಬಸ್ಸಿನಲ್ಲಿ ಅವನ ಬಾಜು ಕೂಡದ ಊರು, ಸತ್ತ ಮೇಲೆ ಅವನಿಗಾಗಿ ಕಿತ್ತಾಡಿತು.

ಮರುದಿನ ಮಾವಶಿ ಖಾನಾವಳಿಗೆ ಬೀಗ ಜಡಿದು ನಮ್ಮ ಕಚೇರಿಗೇ ಬಂದಳು. ಪತ್ರಿಕೆಯನ್ನು ನನ್ನ ಮೇಜಿನ ಮೇಲೆ ಕುಕ್ಕಿದಳು.

"ಏನ್ ಬರದೀಯೋ ಇದು? ಅವನ ಬಣ್ಣ ನೋಡಿ ಕೊಂದಾರ. ಭಾಷಾ ಜಗಳ ಅಂತ ಬರದ್ರ ಆ ಇಬ್ರೂ ನಾಳೆ ಹಾರ ಹಾಕಿಸ್ಕೊಂಡು ಜೇಲಿನಿಂದ ಹೊರಗ ಬರ್ತಾರ."

"ತಿದ್ದತೇನ್ರಿ ಮಾವಶಿ."

"ಸುಳ್ಳು ಎಲ್ಲಿ ಬಂದೈತ್ಯೋ, ಖರೇನೂ ಅಲ್ಲೇ ಬರಬೇಕು. ತಿಳೀತಾ?"

ಸಂಪಾದಕರು ಆರನೇ ಪುಟದ ಮೂಲೆಯಲ್ಲಿ ಎರಡು ಸಾಲು ಕೊಟ್ಟರು. ನಾನು ಹೇಡಿ, ತೆಪ್ಪಗಾದೆ.

ಎರಡು ವರ್ಷದ ಮೇಲೆ ಕೋರ್ಟಿನಲ್ಲಿ ಅವಳ ಸಾಕ್ಷಿ ಇತ್ತು. ಆರೋಪಿಗಳ ವಕೀಲ ಎತ್ತಿ ಹಿಡಿದದ್ದು ನನ್ನ ಮುಖಪುಟವನ್ನೇ.

"ಭಾಷಾ ಜಗಳ ಅಂತ ಪೇಪರಿನ್ಯಾಗ ಬಂದೈತಿ. ಬಾಳೇಶ ಇವರಿಗೆ ಯಾವ ಭಾಷಾದಾಗ ಬೈದ, ಹೇಳ್ರಿ."

ಕನ್ನಡ, ಮರಾಠಿ ಎರಡೂ ಕಡೆಯ ಮಂದಿ ಕಿವಿ ನಿಮಿರಿಸಿದರು. ಮಾವಶಿ ಸೆರಗು ಸರಿಮಾಡಿಕೊಂಡು ನನ್ನತ್ತ ಬೆರಳು ತೋರಿಸಿದಳು.

"ಅದನ್ನ ಬರದಾಂವ ಅಲ್ಲೇ ಹಿಂದ ಕುಂತಾನ್ರಿ. ಅಂವ ಅವತ್ತ ಇರಲಿಲ್ಲ, ನಾ ಇದ್ದೆ. ಬಾಳೇಶ ಯಾವ ಭಾಷಾನೂ ಆಡಲಿಲ್ರೀ ಸಾಹೇಬ್ರ. ಇವರು ‘ಕಾಡು ಕರಿಯ’ ಅಂದಾಗ ಅವನ ಬಾಯಾಗ ತುತ್ತಿತ್ತು."

ನಾಚಿಕೆಯಿಂದ ನನ್ನ ತಲೆ ತಗ್ಗಿತು. ಆದರೂ ಸುಳ್ಳು ಹೇಳಲಾರೆ, ಇವಳ ಕೈಯ ರೊಟ್ಟಿ ತಿಂದವನು ನಾನು ಎಂದು ಎದೆ ಉಬ್ಬಿತು.

ಇಬ್ಬರಿಗೂ ಜೀವಾವಧಿ ಆಯಿತು. ಕೊಲೆಗೆ ಕಾರಣ ಅವನ ಬಣ್ಣ, ಅವನ ಕುಲ ಎಂದು ನ್ಯಾಯಾಧೀಶರು ತೀರ್ಪಿನಲ್ಲಿ ಬರೆದರು. ಆ ದಿನ ನಾನು ಸಂಪಾದಕರ ಕೋಣೆಗೆ ಹೋಗಿ, ಮುಖಪುಟ ಕೊಡದಿದ್ದರೆ ಕೆಲಸ ಬಿಡುತ್ತೇನೆ ಎಂದೆ. ಕೊಟ್ಟರು. "ಬಾಳೇಶನನ್ನು ಕೊಂದದ್ದು ಅವನ ಬಣ್ಣಕ್ಕಾಗಿ. ಮೊದಲು ನಾನು ಬರೆದದ್ದು ಸುಳ್ಳು" ಎಂದು ದಪ್ಪಕ್ಷರದಲ್ಲಿ, ನನ್ನ ಹೆಸರು ಹಾಕಿ ಬರೆದೆ.