ಕೇಳಿ ತಂದ ಆರೋಪಿ

ಕರಕ್ ಊರಿನಾಚೆಯ ಪೊಲೀಸ್ ತರಬೇತಿ ಶಾಲೆಯಲ್ಲಿ ಕಾನೂನು ಕಲಿಸಲು ಶುರುಮಾಡಿದಾಗ ಮುಫ್ಲಿಹ್ ಮೇಷ್ಟರಿಗೆ ತಲೆತುಂಬ ಕೂದಲಿತ್ತು, ಹೊಟ್ಟೆಯಲ್ಲಿ ಹುಣ್ಣಿರಲಿಲ್ಲ. ಈಗ ಎರಡೂ ತಿರುಗುಮುರುಗು. ಅವರು ಕಲಿಸುವುದು ಮಹಾ ಗಹನವಾದದ್ದೇನೂ ಅಲ್ಲ. ಒಬ್ಬನನ್ನು ಹಿಡಿಯುವಾಗ ನೀನು ಯಾರೆಂದು ಹೇಳು, ಹಿಡಿದಿದ್ದೇನೆಂದು ಹೇಳು, ಯಾಕೆಂದು ಹೇಳು. ಹಿಡಿದ ಹೊತ್ತು ಬರೆದಿಡು. ಅಲ್ಲಿಂದ ಒಂದು ಹಗಲು ಒಂದು ರಾತ್ರಿಯೊಳಗೆ ಅವನು ಪ್ರಾಸಿಕ್ಯೂಟರ್ ಮುಂದೆ ನಿಂತಿರಬೇಕು. ಇದನ್ನು ಹುಡುಗರು ಗಿಳಿಪಾಠ ಒಪ್ಪಿಸುತ್ತಾರೆ. ಪರೀಕ್ಷೆ ಮುಗಿಯಿತೋ, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಮನೆಯಲ್ಲೂ ಅದೇ ಗೋಳು. ಮೊಮ್ಮಗ ಖರ್ಜೂರದ ಡಬ್ಬಿಗೆ ಕೈಹಾಕಿದ ಎಂದು ಹೆಂಡತಿ ಸಬ್ಹಾ ದೂರಿದರೆ, ನೀನು ಕಣ್ಣಾರೆ ಕಂಡೆಯಾ ಎಂದು ಕೇಳುವ ಗಂಡ. ಮದುವೆಯಾಗಿದ್ದು ಮನುಷ್ಯನನ್ನೋ ಕೋರ್ಟನ್ನೋ ಎಂದು ಆಕೆ ನೆರೆಹೊರೆಯವರಲ್ಲಿ ವಿಚಾರಿಸುವುದುಂಟು.

ಈ ಸಲ ಹುಡುಗರನ್ನು ಅನುಭವಕ್ಕೆಂದು ಸುತ್ತಲ ಠಾಣೆಗಳಿಗೆ ಕಳಿಸಿದ್ದರು. ನೋಡಿಬರೋಣವೆಂದು ಮೇಷ್ಟರು ಒಂದು ಹಳ್ಳಿಯ ಠಾಣೆಗೆ ಹೋದರೆ, ಒಳಗಿನ ಬೆಂಚಿನ ಮೇಲೆ ಗಡ್ಡ ಕೆರೆಯುತ್ತ ಒಬ್ಬ ಕೂತಿದ್ದ. ಹೆಸರು ಅಕಾಬ್. ಪಕ್ಕದಲ್ಲಿ ಸತ್ತಾಮ್ ನಿಂತಿದ್ದ. ಬಂಧನದ ಪಾಠದಲ್ಲಿ ತರಗತಿಗೇ ಮೊದಲು ಬಂದವನು, ಮೇಷ್ಟರು ನಾಲ್ಕು ಜನರೆದುರು ಹೆಮ್ಮೆಯಿಂದ ಹೇಳಿಕೊಂಡವನು.

"ಇವನನ್ನ ಯಾವಾಗ ಹಿಡಿದ್ರಿ?"

"ಹಿಡಿದಿಲ್ಲ ಉಸ್ತಾದ್. ಮೊನ್ನೆ ಮರ್ಯಾದೆಯಾಗಿ ಕರ್ಕೊಂಡ್ ಬಂದ್ವಿ."

ಮೇಷ್ಟರು ಬೆರಳು ಮಡಿಸಿ ಲೆಕ್ಕ ಹಾಕಿದರು, ಒಂದು ಹಗಲು ಒಂದು ರಾತ್ರಿ ಯಾವಾಗಲೋ ದಾಟಿತ್ತು.

ಆದದ್ದಿಷ್ಟು. ಯಾರದೋ ನೀರಿನ ಮೋಟಾರು ಕಳುವಾಗಿತ್ತು. ಅಕಾಬನೇ ಕದ್ದನೆಂದು ನೆರೆಯವನೊಬ್ಬ ಹೇಳಿದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಠಾಣೆಯಲ್ಲಿದ್ದರು, ಸತ್ತಾಮನನ್ನು ಅಟ್ಟಿದರು. ಅವನು ಹೋದಾಗ ಅಕಾಬನ ತಂದೆ ಹಾಜಿ ಮಿತ್‌ಅಬ್ ಎದುರು ಬಂದು, ಕೂರಿಸಿ, ಕಾಫಿ ಬಗ್ಗಿಸಿಕೊಟ್ಟರು. ಆ ಸೂರಿನಡಿ, ಆ ಬಿಳಿಗಡ್ಡದೆದುರು, ನಿಮ್ಮ ಮಗನನ್ನು ಹಿಡಿದಿದ್ದೇನೆ ಎನ್ನಲು ಸತ್ತಾಮನಿಗೆ ನಾಲಿಗೆ ಏಳಲಿಲ್ಲ. ಹೆಣ್ಣು ಕೇಳಲು ಹೋದವರು ಮಾಡುವಂತೆ ಬಟ್ಟಲನ್ನು ಕುಡಿಯದೆ ಕೆಳಗಿಟ್ಟ. ಹಾಗಿಟ್ಟವನಿಗೆ ಏನೋ ಬೇಕಾಗಿದೆ ಎಂದೇ ಅರ್ಥ. ಅವನು ಕುಡಿಯದೆ ಎದ್ದರೆ ಮನೆಗೇ ಅವಮಾನ. ಕುಡಿಯಪ್ಪ, ನೀನು ಕೇಳಿದ್ದು ಕೊಟ್ಟಾಯಿತು ಎಂದರು ಹಾಜಿ. ಮಗನನ್ನು ನನ್ನ ಜೊತೆ ಕಳಿಸಿಕೊಡಿ ಎಂದು ಸತ್ತಾಮ್ ಕೇಳಿದ. ಹಾಜಿ ಕೊಟ್ಟರು. ಸಂಜೆಯ ಊಟಕ್ಕೆ ವಾಪಸ್ ಬರುತ್ತಾನೆಂದು ಸತ್ತಾಮ್ ಮಾತೂ ಕೊಟ್ಟ.

"ಯಾಕೆ ಅಂತ ಇವನಿಗೆ ಹೇಳಿದ್ಯಾ? ಪ್ರಾಸಿಕ್ಯೂಟರ್ ಹತ್ರ ಕರ್ಕೊಂಡು ಹೋದ್ಯಾ?"

"ಬಂಧನ ಆಗಿದ್ರೆ ತಾನೇ ಉಸ್ತಾದ್?"

ಮೇಷ್ಟರು ಹಣೆ ಚಚ್ಚಿಕೊಂಡರು. ಪುಸ್ತಕದ ಬದನೆಕಾಯಿ ಅಂದರೆ ಇದೇ. ಹಿಡಿದ ಕಳ್ಳನಿಗಾದರೂ ಕಾನೂನಿನ ಗಡಿಯಾರವಿದೆ, ವಕೀಲನಿದ್ದಾನೆ; ಈ ಅತಿಥಿಗೆ ಮೂರು ಹೊತ್ತಿನ ಅನ್ನವೊಂದೇ. ಅವರು ಠಾಣಾಧಿಕಾರಿಯ ಕೋಣೆಗೆ ನುಗ್ಗಿ, ಲೋಕದಲ್ಲಿ ಹಿಡಿದವರು, ಬಿಟ್ಟವರು ಎಂದು ಎರಡೇ ಜಾತಿ, ಈ ಮೂರನೆಯದನ್ನು ಯಾವ ಕಾನೂನು ಹೆತ್ತಿತು ಎಂದು ಕೂಗಾಡಿದರು. ಸಾಕ್ಷಿ ಕೇಳಿದರೆ ಒಂದೂ ಇಲ್ಲ. ಅಧಿಕಾರಿ ಆಕಳಿಸಿದ. ಹಿಡಿದೇ ಇಲ್ಲವಲ್ಲ, ಬೇಕಿದ್ದರೆ ಹೋಗಲಿ ಎಂದ.

ಮೇಷ್ಟರು ಹೊರಗೆ ಬಂದು ಹೇಳಿದ ಮೇಲೆ ಸತ್ತಾಮ್ ಹೋಗಪ್ಪ ಎಂದರೆ ಅಕಾಬ್ ಬೆಂಚು ಬಿಟ್ಟು ಏಳಲಿಲ್ಲ.

"ಹಿಡಿದೇ ಇಲ್ಲ ಅಂತೀಯ. ಹಿಡೀದೋನು ಬಿಡೋಕೆ ನೀನ್ಯಾರು? ನಮ್ಮಪ್ಪ ಮಾತು ಕೊಟ್ಟು ಕಳ್ಸಿರೋದು. ನಾನಾಗೇ ಎದ್ದು ಹೋದ್ರೆ ಓಡಿಬಂದ ಅಂತಾರೆ ಊರಲ್ಲಿ. ಕೇಳಿ ತಂದೋನೇ ವಾಪಸ್ ಕೊಡ್ಲಿ."

ಇಷ್ಟು ವರ್ಷ ಗಂಟಲು ಹರಿದುಕೊಂಡರೂ ಇದನ್ನು ಯಾವ ಹುಡುಗನೂ ಇಷ್ಟು ಚೆನ್ನಾಗಿ ತಿಳಿದಿರಲಿಲ್ಲ. ತಿಳಿದವನು ಬೆಂಚಿನ ಮೇಲಿದ್ದ. ಮೇಷ್ಟರು ಇಬ್ಬರನ್ನೂ ತಮ್ಮ ಹಳೆಯ ಕಾರಿಗೆ ತುಂಬಿ ಹೊರಟರು. ದಾರಿಯುದ್ದಕ್ಕೂ ಸತ್ತಾಮನಿಗೆ ಬೈದರು. ಪಾಠ ಹೇಳಿದ ತಮ್ಮ ಬಾಯಿಗೂ ಬೈದುಕೊಂಡರು.

ಹಾಜಿ ಬಾಗಿಲಲ್ಲೇ ಕೂತಿದ್ದರು. ಮಗನ ಹೆಗಲು, ಕೆನ್ನೆ ಮುಟ್ಟಿ ನೋಡಿ ಒಳಗೆ ಕಳಿಸಿದರು. ಸತ್ತಾಮ್ ತಲೆತಗ್ಗಿಸಿ, ತನ್ನದು ತಪ್ಪಾಯಿತು, ಮೋಟಾರಿನ ವಿಷಯ ಅವತ್ತೇ ಹೇಳಬೇಕಿತ್ತು, ನಿಮ್ಮ ಮರ್ಯಾದೆ ಉಳಿಸೋಣವೆಂದು ಹಾಗೆ ಮಾಡಿದೆ ಎಂದ.

ಹಾಜಿ ಪಕ್ಕಕ್ಕೆ ಸರಿದು ಅವನಿಗೆ ಕೂರಲು ಜಾಗ ಬಿಟ್ಟರು.

"ಅವತ್ತೇ ಹಿಡೀತೀನಿ ಅಂದಿದ್ರೆ ನಿನ್ನ ಹತ್ರ ಜಗಳ ಆಡ್ತಿದ್ದೆ ಮಗಾ, ಯಾಕೆ ಅಂತ ಕೇಳ್ತಿದ್ದೆ, ಠಾಣೆವರೆಗೂ ಹಿಂದೆ ಬರ್ತಿದ್ದೆ. ನೀನು ಕೇಳ್ದೆ, ನಾನು ನನ್ನ ಕೈಯಾರೆ ಎತ್ತಿ ಕೊಟ್ಟೆ. ಈಗ ಯಾರ ಹತ್ರ ಜಗಳ ಆಡ್ಲಿ?"