ಕೂಗುವವನಿಗೊಂದು ಜೇಬುಪುಸ್ತಕ

ಸಗಟು ಮಾರುಕಟ್ಟೆಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದುದು ನಗಾರಿ ಎಂದು. ಹೆತ್ತವರಿಟ್ಟ ಹೆಸರು ಬೇರೆಯೇ ಇತ್ತು, ಆದರೆ ಅದು ಬ್ಯಾಂಕಿನವರಿಗೆ ಬಿಟ್ಟರೆ ಯಾರಿಗೂ ಬೇಕಾಗಿರಲಿಲ್ಲ. ತರಕಾರಿ ಲಾರಿಗಳು ಬಂದು ನಿಂತವೆಂದರೆ ಒಂದು ಕ್ರೇಟನ್ನು ಬೋರಲು ಹಾಕಿ, ಅದರ ಮೇಲೆ ಹತ್ತಿ ಹರಾಜು ಕೂಗುವುದು ಅವನ ಕೆಲಸ. ಮಂಡಿಯ ಸಾಹುಕಾರ ಒಮ್ಮೆ ಮೈಕು ತಂದುಕೊಟ್ಟಾಗ, "ಇದನ್ನ ಕೆಮ್ಮೋರಿಗೆ ಕೊಡಿ ಸಾಹುಕಾರ್ರೇ, ನಮಗ್ಯಾಕೆ" ಎಂದು ಹಿಂದಕ್ಕೆ ಕಳಿಸಿದ್ದ. ಮಾತು ಬಲ್ಲವನು ಮಾಣಿಕ್ಯ ತಂದ ಎನ್ನುತ್ತಾರೆ. ಇವನು ಅದೇ ಮಾತಿನಿಂದ ಜೀವನವಿಡೀ ಬೇರೆಯವರ ಟೊಮೆಟೊ ಮಾರಿದ.

ಅವನ ಹೆಂಡತಿ ಅದೇ ಮಾರುಕಟ್ಟೆಯ ತಗಡಿನ ಶೆಡ್ಡಿನಲ್ಲಿ ಟೊಮೆಟೊ ಆರಿಸುತ್ತಿದ್ದಳು. ಕೊಳೆತದ್ದು ಒಂದು ಕಡೆ, ದೋರಗಾಯಿ ಒಂದು ಕಡೆ, ಹಣ್ಣು ಒಂದು ಕಡೆ. ಕೈ ಬುಟ್ಟಿಯಲ್ಲಿದ್ದರೂ ಕಿವಿ ಮಾತ್ರ ಗಂಡನ ಕೂಗಿನ ಕಡೆಗೇ. ಆ ಕೂಗಿನ ಏರಿಳಿತದಿಂದಲೇ ಅವಳಿಗೆ ಆ ದಿನದ ಮಾಲು ಹೇಗಿದೆ, ಕೊಳ್ಳುವವರು ಎಷ್ಟು ಜಿಪುಣರು, ಗಂಡ ಬೆಳಿಗ್ಗೆ ಏನಾದರೂ ತಿಂದಿದ್ದಾನೋ ಇಲ್ಲವೋ ಎಲ್ಲವೂ ತಿಳಿಯುತ್ತಿತ್ತು.

ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಅದನ್ನವಳು ಮುಚ್ಚಿಟ್ಟಿರಲಿಲ್ಲ, ಅದರಿಂದ ಅವಳಿಗೆ ತೊಂದರೆಯೂ ಆಗಿರಲಿಲ್ಲ. ಕಣ್ಣಿಗೆ ಬಿದ್ದದ್ದನ್ನೆಲ್ಲ ನಗಾರಿ ಗಟ್ಟಿಯಾಗಿ ಓದುತ್ತಿದ್ದ. ಬಸ್ಸಿನ ಬೋರ್ಡು, ಗೋಡೆಯ ಪೋಸ್ಟರು, ಮಾತ್ರೆಯ ಪಟ್ಟಿ, ಉಪ್ಪು ಕಟ್ಟಿಕೊಟ್ಟ ಹಳೇ ಪೇಪರು. ಕಳ್ಳತನದ ಸುದ್ದಿಯನ್ನೂ ಹರಾಜಿನ ಧಾಟಿಯಲ್ಲೇ ಓದಿ ಅವಳನ್ನು ನಗಿಸುತ್ತಿದ್ದ. ಒಂದು ವರ್ಷ ಶೆಡ್ಡಿನ ಹೆಂಗಸರಿಗೆಂದು ಯಾರೋ ಸಂಜೆಯ ಪಾಠ ಶುರು ಮಾಡಿದ್ದರು. ಇವಳೂ ಸ್ಲೇಟು ಹಿಡಿದು ಹೋದವಳು ವಾರದೊಳಗೆ ಬಿಟ್ಟುಬಂದಳು.

"ಯಾಕೆ, ಟೀಚರು ಬೈದ್ರಾ?" ಎಂದು ಅವನು ಕೇಳಿದ್ದ.

"ಬೈಲಿಲ್ಲ. ಅಲ್ಲಿ ನಾವೇ ಓದ್ಕೋಬೇಕಂತೆ. ಮನೇಲಾದ್ರೆ ನೀವು ಓದ್ತೀರಿ, ನಾನು ಸೊಪ್ಪು ಬಿಡಿಸ್ಕೊಂಡು ಕೇಳ್ತೀನಿ. ಯಾವುದು ಸುಖ?"

ಅವನಿಗೆ ಹಿಗ್ಗೋ ಹಿಗ್ಗು. ಮಾರನೇ ದಿನ ಮಾರುಕಟ್ಟೆಯಿಡೀ ಅದನ್ನು ಸಾರಿಕೊಂಡು ಬಂದ.

ಆ ಗಂಟಲಿಗೆ ಮೊದಲು ಗೊಗ್ಗರು ಹಿಡಿಯಿತು. ಬಿಸಿನೀರು, ಕಷಾಯ, ಮಾತ್ರೆ ಎಲ್ಲ ಆಯಿತು. ಕೂಗು ಸವೆದು ಸವೆದು ಪಿಸುಮಾತಾಯಿತು. ಕೊನೆಗೆ ದೊಡ್ಡಾಸ್ಪತ್ರೆಯ ಡಾಕ್ಟರು ನಗಾರಿ, ಅವನ ಹೆಂಡತಿ, ಮಗಳು ಮೂವರನ್ನೂ ಕೂರಿಸಿಕೊಂಡು, ಗಂಟಲಲ್ಲಿ ಗಡ್ಡೆ ಇದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಕುತ್ತಿಗೆಯ ತೂತಿನಿಂದ ಉಸಿರಾಡುವುದು ಎಂದರು.

"ಮತ್ತೆ ಮಾತು?" ಎಂದು ಕೇಳಿದವಳು ಹೆಂಡತಿ.

"ಮೊದಲು ಜೀವ ಉಳೀಲಿ ಅಮ್ಮ. ಗಾಯ ಮಾಗಿದ ಮೇಲೆ ಯಂತ್ರ ಅಂತಿದೆ, ಅಭ್ಯಾಸ ಅಂತಿದೆ, ನೋಡೋಣ. ಎಲ್ಲರಿಗೂ ಆಗೇ ಆಗುತ್ತೆ ಅಂತ ನಾನು ಹೇಳೋದಿಲ್ಲ."

ಹೊರಗೆ ಬಂದಾಗ ನರ್ಸಮ್ಮ ಮೆಲ್ಲಗೆ ಹೇಳಿದಳು. "ಈಗಲೇ ಒಂದು ಸಣ್ಣ ನೋಟ್‌ಬುಕ್ ತಂದಿಟ್ಕೊಳ್ಳಿ. ರಿಂಗ್ ಇರೋದು ನೋಡಿ, ಬಿಚ್ಚಿದ್ರೆ ಚಪ್ಪಟೆ ಬಿದ್ಕೊಂಡಿರಬೇಕು. ಒಂದು ಕೈಗೆ ಡ್ರಿಪ್ ಹಾಕಿರ್ತೀವಿ. ಗಟ್ಟಿ ಹೊದಿಕೆ ಇದ್ರೆ ಮಲಗಿದ್ದ ಹಾಗೇ ಬರೀಬಹುದು."

ಮಗಳು ತಲೆಯಾಡಿಸಿದಳು, ನಗಾರಿಯೂ ತಲೆಯಾಡಿಸಿದ. ಹೆಂಡತಿ ಮಾತ್ರ ತಲೆಯಾಡಿಸಲಿಲ್ಲ. ಅವನು ಬರೆಯುತ್ತಾನೆ, ಸರಿ, ನನಗೆ ಹೇಗೆ ಗೊತ್ತಾಗಬೇಕು? ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು. ಕುತ್ತಿಗೆ ಕೊಯ್ಸಿಕೊಳ್ಳಲು ಹೊರಟವನ ಮುಂದೆ ತನ್ನದೊಂದು ತಕರಾರು ಎತ್ತುವುದು ಹೇಗೆ?

ಮಗಳು ಔಷಧಿ ಅಂಗಡಿಯಲ್ಲಿ ಬಿಲ್ಲು ಹಾಕುವವಳು, ಫೋನಿನ ವಿಷಯ ಬಲ್ಲವಳು. ಆ ಸಂಜೆ ಮನೆಯಲ್ಲಿ, "ಅಪ್ಪ, ಪುಸ್ತಕ ಎಲ್ಲ ಯಾಕೆ? ಇದ್ರಲ್ಲಿ ಒತ್ತಿದ್ರೆ ಫೋನೇ ಮಾತಾಡುತ್ತೆ" ಎಂದು ಏನೋ ಒತ್ತಿ ತೋರಿಸಿದಳು. ಫೋನಿನೊಳಗಿಂದ ಒಬ್ಬ ಹೆಂಗಸು, "ನನಗೆ. ನೀರು. ಬೇಕು." ಎಂದಳು.

ನಗಾರಿಯ ಮುಖ ಹುಳ್ಳಗಾಯಿತು. "ಬಸ್‌ಸ್ಟ್ಯಾಂಡ್ ಮೈಕಿನವಳು. ಅವಳ ಬಾಯಲ್ಲಿ ನಾನು ಮಾತಾಡಬೇಕಾ?" ಎಂದು ಪಿಸುಗುಟ್ಟಿದ. "ಒಲ್ಲೆ. ಬಾಯಿ ಹೋದ್ರೆ ಹೋಗ್ಲಿ, ಮರ್ಯಾದೆ ಹೋಗೋದು ಬೇಡ."

"ಪಾಪ, ಅವಳು ಕೂಗಿದ್ರೆ ಒಂದು ಕ್ರೇಟೂ ಹೋಗಲ್ಲ" ಎಂದಳು ಹೆಂಡತಿ. ಇಬ್ಬರೂ ನಕ್ಕರು. ನಗುತ್ತಿರುವಾಗಲೇ ಅವಳಿಗೆ ತಾನೇನು ಮಾಡಿದೆನೆಂದು ಹೊಳೆಯಿತು. ಆ ಮೈಕಿನವಳು ಆಡಿದ್ದರೆ ತನ್ನ ಕಿವಿಗೆ ಬೀಳುತ್ತಿತ್ತು. ಆದರೆ ಅವನ ಧ್ವನಿಯ ಜಾಗದಲ್ಲಿ ಆ ಧ್ವನಿಯನ್ನು ಅವಳಿಗೂ ಸಹಿಸಲಾಗುತ್ತಿರಲಿಲ್ಲ. ಫೋನು ಮಗಳ ಚೀಲ ಸೇರಿತು.

ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ರಬ್ಬರ್ ಸ್ಟಾಂಪು ಮಾಡಿಕೊಡುವ, ಕಾಗದ ಪುಸ್ತಕ ಮಾರುವ ಉದ್ದನೆಯ ಕತ್ತಲೆಯ ಅಂಗಡಿಯೊಂದಿತ್ತು. ಮಾರನೇ ದಿನ ಮೂವರೂ ಅಲ್ಲಿಗೆ ಹೋದರು. ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದ ಅಂಗಡಿಯಾತ, "ಯಾವ ಕೆಲಸಕ್ಕೆ ಯಜಮಾನ್ರೇ?" ಎಂದು ಕೇಳಿದ.

"ಮಾತಾಡೋಕೆ" ಎಂದ ನಗಾರಿ.

ಅಂಗಡಿಯಾತ ನಕ್ಕ. ಮಗಳು ಮುಂದೆ ಬಾಗಿ ಎರಡು ಮಾತು ಹೇಳಿದಳು. ಅವನು ಕನ್ನಡಕವನ್ನು ಕಣ್ಣಿಗಿಳಿಸಿಕೊಂಡ, ಸ್ಟೂಲು ಹತ್ತಿ ಮೇಲಿನ ಕಪಾಟಿನಿಂದ ಒಂದು ಪೆಟ್ಟಿಗೆ ಇಳಿಸಿದ.

ಮೊದಲು ಬಂದದ್ದು ತಂತಿಯ ಸುರುಳಿಯದು. ನಗಾರಿ ಅದನ್ನು ಅಂಗಿಯ ಜೇಬಿಗಿಳಿಸಿ, ನೆಲದಿಂದ ಏನೋ ಹೆಕ್ಕುವವನಂತೆ ಬಗ್ಗಿ ಎದ್ದ. ತಂತಿಯ ತುದಿ ಜೇಬಿನ ನೂಲು ಕಿತ್ತುಕೊಂಡು ಬಂತು. ಪಕ್ಕಕ್ಕಿಟ್ಟ. ಬೆನ್ನಿಗೆ ಅಂಟು ಹಾಕಿದ ಇನ್ನೊಂದನ್ನು ಬಿಚ್ಚಿ ಕೌಂಟರಿನ ಮೇಲಿಟ್ಟ. ಬೆರಳು ತೆಗೆದೊಡನೆ ಅದು ತನ್ನಷ್ಟಕ್ಕೆ ಮುಚ್ಚಿಕೊಂಡಿತು.

"ಹೇಳೋ ಮುಂಚೆನೇ ಬಾಯಿ ಮುಚ್ಕೊಳ್ಳುತ್ತೆ" ಎಂದ.

ಆಮೇಲೆ ರಿಂಗಿನದು, ಮೇಲೆ ರೆಕ್ಸಿನ್. ಮೂಸಿದ, ಮೂಲೆಯನ್ನು ಮಡಚಿ ನೋಡಿದ, ಬಿಳಿ ಬಿರುಕು ಕಂಡಿತು. "ಮೇಲೆ ಹಣ್ಣು, ಒಳಗೆ ಕಾಯಿ. ಬೇಡ." ಮೂವತ್ತು ವರ್ಷ ಬೇರೆಯವರ ಮಾಲಿನ ಗುಣ ಹೇಳಿದವನು ಮೊದಲ ಸಲ ತನಗಾಗಿ ಮಾಲು ನೋಡುತ್ತಿದ್ದ. ಹೆಂಡತಿ ನೋಡಲೂ ಆಗದೆ, ನೋಡದೆ ಇರಲೂ ಆಗದೆ ಅಂಗಡಿಯ ಬಾಗಿಲಿಗೆ ಆನಿಕೊಂಡಳು.

ಪೆಟ್ಟಿಗೆಯ ತಳದಿಂದ ಅಂಗಡಿಯಾತ ಇನ್ನೊಂದು ತೆಗೆದ. ನಿಜವಾದ ತೊಗಲು, ಕಂದು ಬಣ್ಣ, ಅಂಗೈಯಷ್ಟೇ ಅಗಲ, ಒಳಗೆ ಆರು ರಿಂಗು, ಪಕ್ಕದಲ್ಲಿ ಪೆನ್ನು ಸಿಕ್ಕಿಸುವ ಕುಣಿಕೆ. "ಹಾಳೆ ಮುಗಿದ್ರೆ ಹಾಳೆ ಮಾತ್ರ ಹಾಕ್ಕೊಂಡ್ರಾಯ್ತು, ಹೊದಿಕೆ ಹಾಗೇ ಇರುತ್ತೆ. ಬೇಕಾದ ಹಾಳೆ ಮುಂದಕ್ಕೂ ಹಾಕ್ಕೋಬಹುದು, ಹಿಂದಕ್ಕೂ ಹಾಕ್ಕೋಬಹುದು."

ನಗಾರಿ ಅದನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚಿದ. ಹೆಬ್ಬೆರಳಲ್ಲಿ ಒತ್ತಿದ. ರಿಂಗುಗಳನ್ನು ಬಿಚ್ಚಿ ಹಾಕಿದ, ಟಕ್. ಕುಂಬಳಕಾಯಿ ತಟ್ಟಿ ನೋಡುವವನಂತೆ ಕಿವಿಯ ಹತ್ತಿರ ತಂದು ಮತ್ತೊಮ್ಮೆ, ಟಕ್. ಕೌಂಟರಿನ ಮೇಲೆ ಬಿಡಿಸಿಟ್ಟ. ಹಾಸಿದ ಚಾಪೆಯಂತೆ ಚಪ್ಪಟೆ ಬಿದ್ದುಕೊಂಡಿತು.

ಥಟ್ಟನೆ ಅವನಿಗೇನನ್ನಿಸಿತೋ, ಪುಸ್ತಕವನ್ನು ತಲೆಯ ಮೇಲಕ್ಕೆತ್ತಿ ಹಿಡಿದ. "ನೋಡ್ರಪ್ಪೋ ಮಾಲು! ಕೈಯಿಟ್ರೆ ಬೆಣ್ಣೆ! ಯಾರು ಕೇಳ್ತೀರಿ, ಯಾರು..." ಬಂದದ್ದು ಒಣಗಿದ ಎಲೆ ನೆಲದ ಮೇಲೆ ಉಜ್ಜಿದಂಥ ಸದ್ದು. ಅದರ ಬೆನ್ನಿಗೇ ಕೆಮ್ಮು ಕಿತ್ತುಕೊಂಡು ಬಂತು. ಕೌಂಟರು ಹಿಡಿದು ಬಗ್ಗಿದವನು ಎಷ್ಟೋ ಹೊತ್ತು ಏಳಲಿಲ್ಲ. ಹೆಂಡತಿ ಓಡಿಬಂದು ಬೆನ್ನು ನೀವಿದಳು. ಒರೆಸಿಕೊಂಡ ಟವಲಿನಲ್ಲಿ ಕೆಂಪಿತ್ತು. ಅಂಗಡಿಯಾತ ನೀರು ತಂದುಕೊಟ್ಟ.

ಸುಮ್ಮನಿರಲಾರದೆ ಅಂಗಡಿಯಾತನೇ ಮಾತು ತೆಗೆದ. "ಗೆರೆ ಹಾಳೆ ಹಾಕ್ಲೋ, ಬಿಳಿ ಹಾಳೆ ಹಾಕ್ಲೋ? ನೀವೇ ಹೇಳಿ ತಾಯಿ. ದಿನಾ ಓದೋರು ನೀವಲ್ವಾ?"

"ನಂಗೆ ಓದೋಕೆ ಬರಲ್ಲ ಸ್ವಾಮಿ" ಎಂದಳು ಅವಳು.

ಅಂಗಡಿಯಾತ ಹಾಳೆಗಳ ಅಂಚು ಸರಿಮಾಡತೊಡಗಿದ. ಮಗಳು ತುಟಿ ಕಚ್ಚಿಕೊಂಡಳು. ನಗಾರಿ ತಲೆಯೆತ್ತಿ ಹೆಂಡತಿಯನ್ನು ನೋಡಿದ. ಅವನಿಗೆ ಗೊತ್ತಿಲ್ಲದ ಸಂಗತಿಯೇ ಅದು? ಇಷ್ಟು ವರ್ಷ ಓದಿ ಹೇಳಿದವನೇ ಅವನು. ಆದರೆ ಅವಳಿಗೆ ಓದಲು ಬರುವುದಿಲ್ಲವೆನ್ನುವುದನ್ನು ಅವನ ಬಾಯಿ ಮುಚ್ಚಿಹಾಕಿತ್ತು, ಸ್ವತಃ ಅವನಿಗೇ ಕಾಣದಷ್ಟು.

"ಮಗಳಿದ್ದಾಳಲ್ಲ" ಎಂದ ಕೊನೆಗೆ. "ಓದಿ ಹೇಳ್ತಾಳೆ."

"ಹೂಂ. ಇದ್ದಾಳಲ್ಲ" ಎಂದಳು. "ಇದನ್ನೇ ತಗೊಳ್ಳಿ. ಚೆನ್ನಾಗಿದೆ."

ದಾರಿಯುದ್ದಕ್ಕೂ ಅವಳಿಗೆ ಅದೇ ಯೋಚನೆ. ಮಗಳು ಓದುತ್ತಾಳೆ, ನಿಜ. ದೀಪ ಆರಿಸಿದ ಮೇಲೆ ಗಂಡ ಆಡುವ ಮಾತನ್ನು ಹಗಲು ಹೊತ್ತು ಮಗಳ ಬಾಯಲ್ಲಿ ಕೇಳುವುದುಂಟೇ? ಮಗಳ ಮೇಲೆ ಸಿಟ್ಟಿದ್ದರೆ ಅದನ್ನು ಮಗಳಿಂದಲೇ ಓದಿಸುವುದೇ? ನಾಳೆ ಅವಳೂ ತನ್ನ ಸಂಸಾರ ಅಂತ ಹೋದರೆ?

ಮನೆಯಲ್ಲಿ ಮಗಳು ಮೊದಲ ಹಾಳೆಗಳಲ್ಲಿ ದಪ್ಪಕ್ಷರದಲ್ಲಿ ನೀರು, ನೋವು, ನರ್ಸ್ ಎಂದೆಲ್ಲ ಬರೆದಳು. ಅಮ್ಮನಿಗೆಂದು ಪಕ್ಕದಲ್ಲಿ ಚಿತ್ರವನ್ನೂ ಬಿಡಿಸಿದಳು.

"ಇದೇನಿದು, ಕಲ್ಲಂಗಡಿಯಾ?" ಎಂದ ನಗಾರಿ.

"ತಲೆದಿಂಬು ಅಪ್ಪ!"

"ಇದ್ರ ಮೇಲೆ ಮಲಗಿದ್ರೆ ಕತ್ತಿಗೆ ಇನ್ನೊಂದು ಆಪರೇಷನ್ ಆಗುತ್ತೆ."

ಅದು ಅವನು ಆಡಿದ ಕೊನೆಯ ತಮಾಷೆ. ಹೆಂಡತಿಯೂ ನಕ್ಕಳು. ನಲ್ಲಿಯ ಚಿತ್ರವಿತ್ತು, ಫ್ಯಾನಿನ ಚಿತ್ರವಿತ್ತು. ಚಿತ್ರ ಬಿಡಿಸಲು ಬಾರದ ಮಾತುಗಳು ಎಷ್ಟಿವೆಯೆಂದು ಅವಳು ಲೆಕ್ಕ ಹಾಕಲು ಹೋಗಲಿಲ್ಲ.

ಆಪರೇಷನ್ ಆಯಿತು. ಜೀವ ಉಳಿಯಿತು. ಕುತ್ತಿಗೆಯ ತೂತಿನಲ್ಲಿ ಕೊಳವೆ, ಮೂಗಿನಲ್ಲಿ ಊಟದ ಕೊಳವೆ, ಕೈಯಲ್ಲಿ ಸೂಜಿ. ಆಸ್ಪತ್ರೆಯ ಅಂಗಿಗೆ ಜೇಬೇ ಇರಲಿಲ್ಲ. ಜೇಬಿಗೆಂದು ಅಷ್ಟು ಅಳೆದು ಕೊಂಡ ಪುಸ್ತಕ ಹಾಸಿಗೆಯ ಮೇಲೆ ತೊಡೆಯ ಪಕ್ಕದಲ್ಲಿ ಬಿದ್ದಿರುತ್ತಿತ್ತು. ಮಗಳು ಬಂದಾಗ ಅವನು ಬರೆಯುತ್ತಿದ್ದ, ಹಾಳೆ ತುಂಬ ಬರೆಯುತ್ತಿದ್ದ. ಅವಳು ಓದಿ ನಗುತ್ತಿದ್ದಳು, ಒಮ್ಮೊಮ್ಮೆ ಕಣ್ಣೊರೆಸಿಕೊಳ್ಳುತ್ತಿದ್ದಳು.

"ಏನಂತೆ?" ಎಂದು ಅಮ್ಮ ಕೇಳಿದಳು.

"ಏನಿಲ್ಲಮ್ಮ. ಮಂಡಿ ವಿಷಯ. ಅಪ್ಪನ ಜಾಗಕ್ಕೆ ಮೈಕಿನವನು ಬಂದಿದ್ದಾನಂತೆ, ಯಾರೋ ಬಂದು ಹೇಳಿದ್ರಂತೆ."

"ಅಷ್ಟುದ್ದ ಬರೆದಿದ್ದು ಇಷ್ಟೇನಾ?"

"ಸಾರಾಂಶ ಹೇಳ್ದೆ."

"ಸಾರಾಂಶ ಡಾಕ್ಟ್ರಿಗೆ ಹೇಳು ಹೋಗು. ನಂಗೆ ಪೂರ್ತಿ ಓದು."

ಮಗಳು ಓದಿದಳು. ಔಷಧಿಯ ಬಿಲ್ಲು ಓದಿದಂತೆ, ಒಂದರ ಹಿಂದೊಂದು ಪದ. ಎಲ್ಲಿ ಅವನು ಹುಬ್ಬು ಹಾರಿಸುತ್ತಿದ್ದನೋ, ಎಲ್ಲಿ ಬೇಕೆಂದೇ ತಡೆದು ನಿಲ್ಲುತ್ತಿದ್ದನೋ ಯಾವುದೂ ಅದರಲ್ಲಿರಲಿಲ್ಲ. ಕೇಳುತ್ತ ಕೇಳುತ್ತ, ಓದದಿದ್ದರೇ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ.

ಮಗಳು ಕೆಲಸಕ್ಕೆ ಹೋದ ಒಂದು ಮಧ್ಯಾಹ್ನ ಗಂಡ ಹೆಂಡತಿ ಇಬ್ಬರೇ ಇದ್ದರು. ಅವನು ಪುಸ್ತಕ ತೆಗೆದುಕೊಂಡ, ನಿಧಾನವಾಗಿ ಒಂದು ಸಾಲು ಬರೆದ, ಅಭ್ಯಾಸಬಲದಿಂದ ಅವಳ ಕಡೆ ತಿರುಗಿಸಿ ಹಿಡಿದ. ಅವಳು ನೋಡಿದಳು. ಇರುವೆ ಸಾಲು. ಅವನ ಕೈ ಕೆಳಗಿಳಿಯಿತು. ಮೊದಲ ಹಾಳೆಗಳನ್ನು ಮಗುಚಿ ನಲ್ಲಿ, ಫ್ಯಾನು, ದಿಂಬು ಎಲ್ಲವನ್ನೂ ನೋಡಿದ. ಅವನಿಗೆ ಬೇಕಾದದ್ದು ಅದರಲ್ಲಿರಲಿಲ್ಲ. ಆಮೇಲೆ ತುಟಿಯಾಡಿಸಿದ. ಸದ್ದಿಲ್ಲ. ಕುತ್ತಿಗೆಯ ಕೊಳವೆಯಿಂದ ಸುಯ್ಯೆಂದು ಗಾಳಿ ಮಾತ್ರ ಬಂತು.

"ನೋವಾ?" ಎಂದಳು. ಕುತ್ತಿಗೆ ಅಲ್ಲಾಡಿಸುವಂತಿರಲಿಲ್ಲ, ಬೆರಳಾಡಿಸಿದ. ಅಲ್ಲ.

"ನರ್ಸಮ್ಮನ್ನ ಕರೀಲಾ?" ಅಲ್ಲ.

"ದಿಂಬು ಎತ್ತರ ಆಯ್ತಾ? ಕಾಲು ಜೋಮು ಹಿಡೀತಾ?" ಅಲ್ಲ, ಅಲ್ಲ. ಅವನು ಮತ್ತೆ ತುಟಿಯಾಡಿಸಿದ, ಈಗ ಅವಸರವಾಗಿ. ಅವಳಿಗೆ ಇನ್ನಷ್ಟು ಗೊಂದಲವಾಯಿತು. ಹಣೆಯ ಮೇಲೆ ಬೆವರು ಮೂಡಿತು, ಅವನಿಗೂ, ಅವಳಿಗೂ.

"ಕಿಟಕಿನಾ? ಬಿಸಿಲು ಮುಖಕ್ಕೆ ಬೀಳ್ತಿದ್ಯಾ? ಮುಚ್ಚಲಾ?"

ಅವನು ಒಂದು ಕ್ಷಣ ಅವಳನ್ನೇ ನೋಡಿದ. ಆಮೇಲೆ ಕಣ್ಣು ಮುಚ್ಚಿ ತೆರೆದ. ಹೌದು.

ಅವಳು ಗೆದ್ದವಳಂತೆ ಎದ್ದು ಹೋಗಿ ಕಿಟಕಿ ಮುಚ್ಚಿದಳು. ಪಕ್ಕದ ಮಂಚದ ರೋಗಿಯ ತಂಗಿ, "ಯಾಕಕ್ಕ ಮುಚ್ಚಿದ್ರಿ, ಬೇಯ್ತಾ ಇದೀವಿ" ಎಂದು ಸೆರಗಿನಿಂದ ಗಾಳಿ ಹಾಕಿಕೊಂಡಳು. ತಿರುಗಿ ಬಂದ ಹೆಂಡತಿಗೆ ಗಂಡನ ಮುಖ ಕಂಡಿತು. ಆ ಮುಖ ಅವಳಿಗೆ ಗೊತ್ತಿತ್ತು. ಹೊತ್ತು ಏರಿ, ಕೊಳ್ಳುವವರೆಲ್ಲ ಹೊರಟುಹೋಗಿ, ಉಳಿದ ಮಾಲನ್ನು ಸಿಕ್ಕ ಬೆಲೆಗೆ ಬಿಟ್ಟುಕೊಡುವಾಗ ಅವನ ಮುಖ ಹೀಗಿರುತ್ತಿತ್ತು.

ಅವಳು ಮತ್ತೆ ಹೋಗಿ ಕಿಟಕಿ ತೆರೆದಳು. ಬಂದು ಸ್ಟೂಲಿನ ಮೇಲೆ ಕೂತಳು. ಅವನ ಕೈಯೊಳಗಿದ್ದ ಪುಸ್ತಕವನ್ನು ಬಿಡಿಸಿಕೊಂಡು ಔಷಧಿಯ ಬಾಟಲಿಗಳ ಪಕ್ಕ ಇಟ್ಟಳು.

"ಅದಲ್ಲ ಅಂತ ನಂಗೊತ್ತಾಯ್ತು. ಸುಳ್ಳಿಗೆ ಹೂಂ ಅಂದ್ರಿ. ಕುರುಡನ ಕೈಗೆ ಕನ್ನಡಿ ಕೊಟ್ಟು ಬೆನ್ನು ತಿರುಗಿಸಬೇಡಿ ರೀ, ನಾನಿನ್ನೂ ಇಲ್ಲೇ ಕೂತಿದ್ದೀನಿ." ಅವನು ಕಣ್ಣು ಮುಚ್ಚಿಕೊಂಡಿದ್ದ. ರೆಪ್ಪೆಯ ಸಂದಿಯಿಂದ ನೀರಿಳಿಯುತ್ತಿತ್ತು. ಅವಳು ಒರೆಸಲಿಲ್ಲ. "ಕಣ್ಣು ಬಿಡಿ. ಇನ್ನೊಂದ್ಸಲ ಹೇಳಿ. ನಿಧಾನಕ್ಕೆ."

ಅವನು ಕಣ್ಣು ಬಿಟ್ಟ. ತುಟಿಗಳು ಕೂಡಿದವು, ಬಿಚ್ಚಿದವು.

"ಮನೆನಾ?" ಎಂದಳು. ಅಲ್ಲ.

"ಮಗಳಾ?" ಅಲ್ಲ.

"ಮಾರ್ಕೆಟ್ಟಾ?"

ಅವನು ಸುಳ್ಳು ಹೇಳಲಿಲ್ಲ. ಬೆರಳಾಡಿಸಿದ. ಅವಳು ಸ್ಟೂಲನ್ನು ಇನ್ನೂ ಹತ್ತಿರಕ್ಕೆಳೆದುಕೊಂಡು, ಅವನ ತುಟಿಯಿಂದ ಕಣ್ಣು ಕೀಳದೆ, ಮುಂದಿನ ಪದ ಹುಡುಕತೊಡಗಿದಳು.